ಕಾಳಿನಿಂದಲೇ ಬಿಯರ್, ಮೊದಲ ಸಲ: ಮ್ಯಾಶ್ ಮಾಡಿದೆ, ಲೆಕ್ಕ ಯಾಕೆ ಕೂಡವಲ್ದು?

ಬಳ್ಳಾರಿ_ಬಿಸಿಲು
ಎಲ್ರಿಗೂ ನಮಸ್ಕಾರ. ಪೋಸ್ಟ್ ಉದ್ದ ಐತೆ, ಬೈಬ್ಯಾಡ್ರಿ.

ನಮ್ಮ ಅಕ್ಕ-ಬಾವ ಇರೋದು ಟೆಕ್ಸಾಸ್‌ನಲ್ಲಿ. ಬಾವ ಮನೆಯಲ್ಲೇ ಬಿಯರ್ ಮಾಡ್ತಾರೆ, ಆದ್ರೆ ಇಲ್ಲೀತನ ಡಬ್ಬಿಯಲ್ಲಿ ಬರೋ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪಾಕ ನೀರಿಗೆ ಕಲಸಿ ಮಾಡೋದು. ಜೂನ್‌ನಲ್ಲಿ ನಾನು ಅಲ್ಲಿಗೆ ಹೋಗ್ತೀನಿ. ಈ ಸಲ ಪಾಕ ಬ್ಯಾಡ, ಕಾಳಿನಿಂದಲೇ ಶುರು ಮಾಡೋಣ, ಅದರಾಗೆ ಒಂದಿಷ್ಟು ಬಿಳಿಜೋಳನೂ ಹಾಕೋಣ ಅಂತ ಫೋನ್‌ನಾಗೆ ಮಾತಾಗೈತೆ. ನಾನು ದೊಡ್ಡದಾಗಿ "ಮ್ಯಾಶ್ ನನಗೆ ಬಿಡ್ರಿ ಬಾವ" ಅಂದುಬಿಟ್ಟೆ. (ಮ್ಯಾಶ್ ಅಂದ್ರೆ ಒಡೆದ ಮಾಲ್ಟ್ ಬಿಸಿನೀರಾಗೆ ನೆನೆಸಿ, ಅದರ ಪಿಷ್ಟ ಸಕ್ಕರೆ ಆಗೋಹಂಗೆ ಮಾಡೋದು.) ಹಂಗಾಗಿ ಇಲ್ಲೇ ಮನೆಯಲ್ಲಿ ಮ್ಯಾಶ್ ತನಕ ಪ್ರಾಕ್ಟೀಸ್ ನಡೆಸೀನಿ. ಆ ಸಕ್ಕರೆಯನ್ನ ಆಲ್ಕೋಹಾಲ್ ಮಾಡೋ ಯೀಸ್ಟ್ ಹಾಕಿಲ್ಲ, ಹಾಕೋದೂ ಇಲ್ಲ. ಸಿಹಿ ನೀರು ಬಂತಾ, ಅಲ್ಲಿಗೆ ನನ್ನ ಕೆಲಸ ಮುಗೀತು.

ಭಾನುವಾರ ಮಾಡಿದ್ದು ಹಿಂಗೆ. ಎರಡೂವರೆ ಕೇಜಿ ಬಾರ್ಲಿ ಮಾಲ್ಟ್ ಬೆಂಗಳೂರಿಂದ ಪಾರ್ಸಲ್ ತರಿಸಿದೆ. ಒಡಿಸಾಕೆ ನಮ್ಮ ಓಣಿ ಗಿರಣಿಗೆ ಒಯ್ದೆ. ಗಿರಣಿ ಕಾಕಾ ಕೈಯಾಗೆ ಹಿಡಿದು ಮೂಸಿ ನೋಡಿ "ಇದೇನು ಗೋಧಿನಾ, ಜವೆನಾ, ಹುರಿದೀರೇನು?" ಅಂದ. ಕಲ್ಲು ಸಡಿಲ ಬಿಡು ಕಾಕಾ, ನುಚ್ಚು ಆದ್ರೆ ಸಾಕು ಅಂದೆ. ಅರ್ಧ ರವೆ ಆಗಿ ಬಂತು, ಇನ್ನರ್ಧ ಕಾಳು ಹಂಗೇ ಇಡಿಯಾಗಿ ಬಂತು. 20 ಲೀಟರ್ ಸ್ಟೀಲ್ ಬೋಗಾಣಿಯಲ್ಲಿ 16 ಲೀಟರ್ ನೀರು ಕಾಸಿ, ಅಜ್ಜನ ಹಳೇ ಧೋತರದಾಗೆ ಮಾಲ್ಟ್ ಕಟ್ಟಿ ಇಳಿಬಿಟ್ಟು, 66 ಡಿಗ್ರಿಯಲ್ಲಿ ಒಂದು ತಾಸು ಇಟ್ಟೆ. ಆಮೇಲೆ ಗಂಟು ಎತ್ತಿ ಹಿಂಡಿ, ಉಳಿದ ನೀರು ಒಂದು ತಾಸು ಕುದಿಸಿದೆ. ಕೊನೆಗೆ ಹತ್ತು ಲೀಟರ್ ಉಳೀತು.

ಹೈಡ್ರೋಮೀಟರ್ (ನೀರಾಗೆ ಎಷ್ಟು ಸಕ್ಕರೆ ಐತೆ ಅಂತ ತೋರಿಸೋ ತೇಲೋ ಕೊಳವೆ, ಬರೀ ನೀರಿಗೆ 1.000) ಬಿಟ್ರೆ 1.030. ಈ ಅಳತೆಗೆ 1.050 ಹತ್ರ ಬರ್ಬೇಕು ಅಂತ ಓದಿದ್ದೆ. ಲೆಕ್ಕ ಹಾಕಿದ್ರೆ ಮಾಲ್ಟಿನಿಂದ ಹೆಚ್ಚಂದ್ರೆ ಬರಬಹುದಾದ ಸಕ್ಕರೆಯಾಗೆ ನನಗೆ ಬಂದಿದ್ದು ಬರೀ 40 ಪರ್ಸೆಂಟ್. ಎಲ್ಲಿ ತಪ್ಪಿದೆ?

ಕೌಲ್‌ಬಜಾರ್_ಕಿಟ್ಟಿ
ಅಜ್ಜನ ಧೋತರ ತೊಳೆದಿದ್ದಾ ಮೊದಲು?

ಬಳ್ಳಾರಿ_ಬಿಸಿಲು
ಕುದಿಯೋ ನೀರಾಗೆ ಹಾಕಿ ತೊಳೆದೀನಣ್ಣ. ಸೋಪು ಮುಟ್ಟಿಸಿಲ್ಲ.

ಮಾಲ್ಟ್_ಮಲ್ಲೇಶ್ವರ
ನಾನು ಬೆಂಗಳೂರಲ್ಲಿ ಒಂದು ಬ್ರೂಪಬ್‌ನಲ್ಲಿ (ಬಿಯರ್ ಅಲ್ಲೇ ಮಾಡಿ ಕೊಡೋ ಬಾರ್) ಕೆಲಸ ಮಾಡ್ತೀನಿ. ಸಮಸ್ಯೆ ಗಿರಣೀನೇ, ಬೇರೆ ಹುಡುಕೋದೇ ಬೇಡ. ಹಿಟ್ಟಿನ ಗಿರಣಿ ಕಲ್ಲು ಕಾಳನ್ನ ಉಜ್ಜುತ್ತೆ. ನಮಗೆ ಬೇಕಾಗಿರೋದು ಎರಡು ರೋಲರ್ ನಡುವೆ ಸಿಕ್ಕಿ ಒಡೆಯೋದು. ಒಳಗಿನ ಬಿಳಿ ಭಾಗ ನಾಲ್ಕೈದು ಚೂರಾಗ್ಬೇಕು, ಮೇಲಿನ ಸಿಪ್ಪೆ ಆದಷ್ಟು ಇಡಿಯಾಗಿ ಉಳೀಬೇಕು, ಯಾಕಂದ್ರೆ ಆಮೇಲೆ ಸೋಸುವಾಗ ಆ ಸಿಪ್ಪೇನೇ ಜರಡಿ ಆಗೋದು. ಒಡೆಯದೆ ಉಳಿದ ಕಾಳೊಳಗೆ ನೀರು ಇಳಿಯಲ್ಲ, ಅಲ್ಲಿರೋ ಪಿಷ್ಟ ಎಲ್ಲ ದಂಡ. ಅರ್ಧ ಕಾಳು ಇಡಿಯಾಗಿತ್ತು ಅಂತ ನೀವೇ ಬರೆದಿದೀರಲ್ಲ, 40 ಬರದೆ ಇನ್ನೇನು ಬರುತ್ತೆ?

ಗಂಗಾವತಿ_ಗಿರಣಿ
ಕಲ್ಲಿನ ಗಿರಣಿ ಅಂದಕೂಡ್ಲೆ ಕೀಳು ಮಾಡಬ್ಯಾಡ್ರಿ ಸಾಹೇಬ್ರ. ಜೋಳದ ನುಚ್ಚು ನಮ್ಮಲ್ಲಿ ಎಷ್ಟು ಚೆಂದ ಒಡೀತಾರ ಬಂದು ನೋಡ್ರಿ. ಒಡಿಯೋ ಕೈ ಬೇಕು ಅಷ್ಟ.

ಮಾಲ್ಟ್_ಮಲ್ಲೇಶ್ವರ
ಜೋಳಕ್ಕೆ ಸಿಪ್ಪೆ ಇಲ್ವಲ್ಲ ಸರ್. ಬಾರ್ಲಿಗೆ ಇದೆ. ವ್ಯತ್ಯಾಸ ಅಲ್ಲೇ ಇರೋದು.

ಲಿಂಗಸುಗೂರು_ವಕೀಲ
ತಮ್ಮಾ, ನಡಬರಕ ಬರ್ತೀನಿ ಅಂತ ಬ್ಯಾಸರ ಮಾಡ್ಕೋಬ್ಯಾಡ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದ ಮದ್ಯ ತಯಾರಿಸೋದು ಅಪರಾಧ ಅದ. "ನನ್ನ ಮನ್ಯಾಗ ನಾನು ಕುಡಿಲಾಕ ಮಾಡ್ಕೊಂಡೀನಿ" ಅನ್ನೋ ವಿನಾಯ್ತಿ ಬಿಯರ್‌ಗೆ ಇಲ್ಲ. ಮಾಡ್ಲಾಕ ಅಂತ ಸಾಮಾನು ಕೂಡಿಸಿ ಇಟ್ಕೊಂಡ್ರೂ ತ್ರಾಸ ಬರ್ತದ. ಮಾಲ್ಟ್ ನೆನೆಸಿ ಸಿಹಿ ನೀರು ತೆಗದ್ರ ಅದು ಮದ್ಯ ಅಲ್ಲ, ಒಪ್ತೀನಿ. ಯೀಸ್ಟ್ ಬಿದ್ದ ಕೂಡ್ಲೆ ಕತಿ ಬ್ಯಾರೆ ಆಗ್ತದ. ಅಲ್ಲಿಗೇ ನಿಲ್ಲು.

ಕೌಲ್‌ಬಜಾರ್_ಕಿಟ್ಟಿ
ಯೀಸ್ಟ್ ಹಾಕಿಲ್ಲ ಅಂತ ಕೇಳೋಕಿಂತ ಮೊದಲೇ ಹೇಳ್ಯಾನೆ ವಕೀಲ್ರೇ. ಅದಕ್ಕೇ ನನಗೆ ಅನುಮಾನ.

ತುಂಗಭದ್ರಾ_ದಂಡೆ
ಕ್ರಿಸ್‌ಮಸ್‌ಗೆ ಎಷ್ಟೋ ಮನೆಯಾಗೆ ದ್ರಾಕ್ಷಿ ವೈನ್ ಹಾಕ್ತಾರಲ್ಲ, ಅವರನ್ನ ಯಾರು ಹಿಡಿದಾರೆ?

ಲಿಂಗಸುಗೂರು_ವಕೀಲ
ಹಿಡಿದಿಲ್ಲ ಅಂದ್ರ ಕಾನೂನು ಇಲ್ಲ ಅಂತಲ್ಲ. ಹೆಲ್ಮೆಟ್ ಇಲ್ಲದ ಓಡಾಡೋರನ್ನೂ ದಿನಾ ಹಿಡಿಯಂಗಿಲ್ಲ.

ಕೊಪ್ಪಳ_ಕಾಕಾ
ನಂದೂ ಒಂದು ಮಾತು. ರಾಯಚೂರು ಕಡಿ ಸಿಂಧಿ (ಈಚಲ ಹೆಂಡ) ಹೆಸರಿನ್ಯಾಗ ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್ ಅನ್ನೋ ಅಮಲಿನ ರಾಸಾಯನಿಕ) ಕಲಸಿದ ನೀರು ಕುಡದು ಎಷ್ಟು ಮನಿ ಹಾಳಾದುವು ಅಂತ ಕಣ್ಣಾರೆ ಕಂಡವರು ನಾವು. 2007ರಾಗ ಸರ್ಕಾರ ಸಾರಾಯಿ ಬಂದ್ ಮಾಡಿತು, ಆಮ್ಯಾಲೂ ಕಳ್ಳಭಟ್ಟಿ ನಿಲ್ಲಲಿಲ್ಲ. ಮನ್ಯಾಗ ಮಾಡಿದ್ದು ಕುಡದು ಕಣ್ಣು ಕಳಕೊಂಡೋರು ಅದಾರ. ಈ ಹುಡುಗುರಿಗೆ ಯಾಕ ಬೇಕು ಇದು?

ಸಿಂಧನೂರು_ಅಕ್ಕ
ಕಾಕಾ, ನಿಮ್ಮ ಕಾಳಜಿ ಖರೆ ಅದ. ಆದ್ರ ಎರಡು ಬ್ಯಾರೆ ಬ್ಯಾರೆ ಸುದ್ದಿ ಕೂಡಿಸಬ್ಯಾಡ್ರಿ. ಕಣ್ಣು ಹೋಗೋದು ಮೆಥನಾಲ್‌ನಿಂದ, ಅದು ಬಹಳ ಮಾಡಿ ಬರೋದು ಕಾರ್ಖಾನಿ ಸ್ಪಿರಿಟ್ ತಂದು ಕಲಬೆರಕಿ ಮಾಡಿದಾಗ. ಬಿಯರ್ ಭಟ್ಟಿ ಇಳಿಸೋದಲ್ಲ, ಕಾಳಿನ ಸಕ್ಕರಿ ಹುಳಿಬರಿಸೋದು ಅಷ್ಟೆ. ಅದು ಕೆಟ್ರ ಹುಳಿ ಆಗ್ತದ, ನಾರ್ತದ, ಚೆಲ್ತೀವಿ. ಕುಡಿಯೋದರಿಂದ ಮನಿ ಹಾಳಾಗ್ತದ ಅನ್ನೋದು ಬ್ಯಾರೆ ಮಾತು, ಅದಕ್ಕ ನಾನೂ ಎದುರು ಆಡಂಗಿಲ್ಲ.

ನಾನು ಇರೋದು ಟೆಕ್ಸಾಸ್‌ದಾಗೇ, ಆರು ವರ್ಷದಿಂದ ಕಾಳಿನಿಂದ ಮಾಡ್ಲಾಕತ್ತೀನಿ. ಅಮೆರಿಕದಾಗ 1978ರ ಕಾನೂನಿಂದ ಮನಿ ಬಳಕಿಗೆ ಬಿಯರ್ ಮಾಡ್ಲಾಕ ತೆರಿಗಿ ಇಲ್ಲ. ಇಬ್ಬರು ದೊಡ್ಡವರಿರೋ ಮನಿಗೆ ವರ್ಷಕ್ಕ 200 ಗ್ಯಾಲನ್, ಅಂದ್ರ ಸುಮಾರು 757 ಲೀಟರ್. ಮಾರಂಗಿಲ್ಲ. ಕೆಲವು ರಾಜ್ಯ ಆಮ್ಯಾಲೂ ಒಪ್ಪಿರಲಿಲ್ಲ, ಅಲಬಾಮಾ, ಮಿಸಿಸಿಪಿ ಒಪ್ಪಿದ್ದು 2013ರಾಗ. ತಮ್ಮಾ, ಯೀಸ್ಟ್ ಕೆಲಸ ಬಾವನ ಮನ್ಯಾಗ ಇಟ್ಕೊಂಡಿದ್ದು ಶಾಣ್ಯಾತನ ಆತು.

ಈಗ ನಿನ್ನ 40 ಪರ್ಸೆಂಟ್‌ಗೆ ಬರ್ತೀನಿ. ಯಾವ ನೀರು ಹಾಕಿದಿ?

ಬಳ್ಳಾರಿ_ಬಿಸಿಲು
ಬೋರ್ ನೀರು ಅಕ್ಕ. ಆವತ್ತು ನಲ್ಲಿ ಬಂದಿರಲಿಲ್ಲ.

ತುಂಗಭದ್ರಾ_ದಂಡೆ
ನಲ್ಲಿ ಬಂದಿರಲಿಲ್ಲ ಅನ್ನೋ ಮಾತು ನಮ್ಮೂರಾಗೆ ಬರೆದು ಹೇಳ್ಬೇಕೇನು. 2024ರ ಆಗಸ್ಟ್‌ನಾಗೆ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ನೋಡ್ಬೇಕಿತ್ತು, ಕಣ್ಣಮುಂದೆ ನೀರು ಹೊಳೆಗುಂಟ ಹರಿದು ಹೋಗ್ತಿತ್ತು, ನಾವು ಸೇತುವೆ ಮೇಲೆ ನಿಂತು ವಿಡಿಯೋ ಮಾಡ್ತಿದ್ವಿ.

ಸಿಂಧನೂರು_ಅಕ್ಕ
ಸವಳು ನೀರಾಗ ತೊಗರಿಬ್ಯಾಳಿ ಬೇಯಂಗಿಲ್ಲ ಅಂತ ನಿಮ್ಮವ್ವ ಹೇಳಿರಬೇಕಲ್ಲ? ಮ್ಯಾಶೂ ಹಂಗೇ ಕಾಡ್ತದ. ಬೋರ್ ನೀರಾಗ ಕ್ಷಾರ ಜಾಸ್ತಿ ಇದ್ರ ಮ್ಯಾಶಿನ ಪಿಎಚ್ (ಹುಳಿ-ಕ್ಷಾರದ ಅಳತಿ) ಮ್ಯಾಲೆ ಕುಂತುಬಿಡ್ತದ. ನಮಗ ಬೇಕಾಗಿದ್ದು 5.2ರಿಂದ 5.6. ಅದಕ್ಕಿಂತ ಮ್ಯಾಲೆ ಹೋದ್ರ ಪಿಷ್ಟ ಮುರದು ಸಕ್ಕರಿ ಮಾಡೋ ಕಿಣ್ವ ಮಂದ ಆಗ್ತಾವ, ಸಿಪ್ಪಿಯೊಳಗಿನ ಒಗರು ಇಳೀತದ. ಅರ್ಧ ಫಿಲ್ಟರ್ ನೀರು, ಅರ್ಧ ನಲ್ಲಿ ನೀರು ಹಾಕಿ ನೋಡು. ಪಿಎಚ್ ಪಟ್ಟಿ ಹತ್ತಿರ ಇದ್ರ ಚಿಟಿಕಿ ಸಿಟ್ರಿಕ್ ಆಮ್ಲ ಹಾಕಿ ಇಳಿಸಬಹುದು. ನಲ್ಲಿ ನೀರಾಗ ಕ್ಲೋರಿನ್ ವಾಸನಿ ಇದ್ರ ಹಿಂದಿನ ದಿನ ಕುದಿಸಿ ಬಾಯಿ ತೆರೆದು ಇಡು, ಇಲ್ಲಂದ್ರ ಬಿಯರ್‌ಗೆ ಆಸ್ಪತ್ರಿ ವಾಸನಿ ಬರ್ತದ.

ಇನ್ನೊಂದು. ಟಿಂಕ್ಚರ್ ಅಯೋಡಿನ್ ಪರೀಕ್ಷೆ ಮಾಡಿದ್ದೇನು?

ಬಳ್ಳಾರಿ_ಬಿಸಿಲು
ಮಾಡಿದೆ. ಒಂದು ತಾಸು ಆದಮೇಲೂ ಕಪ್ಪಾತು! ಅದಕ್ಕೇ ಇನ್ನಷ್ಟು ಗಾಬರಿ.

ಸಿಂಧನೂರು_ಅಕ್ಕ
ಸಿಪ್ಪಿ ಚೂರು ಬಿದ್ದಿದ್ವೇನು ಸಾಸರ್‌ದಾಗ? ಸಿಪ್ಪಿ ಯಾವಾಗ್ಲೂ ಕಪ್ಪ ಆಗ್ತದ, ತಿಳಿನೀರು ಮಾತ್ರ ತಗೋಬೇಕು. ತಿಳಿನೀರಿಗೂ ನೀಲಿ ಬಂದ್ರ ಪಿಷ್ಟ ಉಳದದ ಅಂತ, ಕಂದು ಹಳದಿ ಹಂಗೇ ಉಳದ್ರ ಎಲ್ಲಾ ಸಕ್ಕರಿ ಆಗ್ಯದ ಅಂತ. ಪರೀಕ್ಷೆ ಮಾಡಿದ್ದನ್ನ ಮತ್ತ ಬೋಗಾಣಿಗೆ ಸುರೀಬ್ಯಾಡ.

ಬಳ್ಳಾರಿ_ಬಿಸಿಲು
ಚಮಚದಾಗೆ ಎತ್ತಿದ್ದೆ ಅಕ್ಕ, ಸಿಪ್ಪೆ ಸಮೇತ. ಸುರಿದಿಲ್ಲ ಪುಣ್ಯಕ್ಕೆ.

ಮಾಲ್ಟ್_ಮಲ್ಲೇಶ್ವರ
ಪಿಎಚ್‌ನಿಂದ ಅಷ್ಟೊಂದು ಬೀಳಲ್ಲ ಮೇಡಂ, ಐದಾರು ಪರ್ಸೆಂಟ್ ಬಿದ್ರೆ ಹೆಚ್ಚು. ನಾನು ಮತ್ತೆ ಹೇಳ್ತೀನಿ, ಗಿರಣಿ.

ರಾಯಚೂರು_ಫಿಸಿಕ್ಸ್
ಹೈಡ್ರೋಮೀಟರ್ ಬಿಟ್ಟಾಗ ನೀರು ಎಷ್ಟು ಬಿಸಿ ಇತ್ತು?

ಬಳ್ಳಾರಿ_ಬಿಸಿಲು
ಕುದಿ ಇಳಿಸಿ ಸ್ವಲ್ಪ ಆರಿಸಿದ್ದೆ ಸರ್. 60 ಡಿಗ್ರಿ ಇದ್ದಿರಬೇಕು. ಯಾಕೆ?

ರಾಯಚೂರು_ಫಿಸಿಕ್ಸ್
ಮುಗೀತು ಹಂಗಾರ. ನಿನ್ನ ಹೈಡ್ರೋಮೀಟರ್ ಮ್ಯಾಲೆ ಸಣ್ಣ ಅಕ್ಷರದಾಗ 20 ಡಿಗ್ರಿ ಅಂತ ಬರದಿರ್ತದ, ಕನ್ನಡಕ ಹಾಕ್ಕೊಂಡು ನೋಡು. ನೀರು ಬಿಸಿ ಆದ್ರ ಹಿಗ್ತದ, ಹಗುರ ಆಗ್ತದ, ಕೊಳವಿ ಹೆಚ್ಚು ಮುಳುಗ್ತದ, ಅಂಕಿ ಕಡಿಮಿ ತೋರಸ್ತದ. 20 ಡಿಗ್ರಿಯಾಗ ನೀರಿನ ಸಾಂದ್ರತೆ 0.998, 60ರಾಗ 0.983. ಹದಿನೈದು ಹದಿನಾರು ಪಾಯಿಂಟ್ (1.030 ಅಂದ್ರ 30 ಪಾಯಿಂಟ್) ಅಲ್ಲೇ ಹೋತು. ನಿನ್ನ 1.030 ಖರೆ ಅಂದ್ರ 1.046 ಹತ್ರ ಅದ.

ಒಂದು ಮಾತು ನೆನಪಿಡು, ನಮ್ಮ ಕಡೆ "ಆರಿಸೀನಿ" ಅಂದ್ರೂ ಏಪ್ರಿಲ್-ಮೇ ತಿಂಗಳದಾಗ 38 ಡಿಗ್ರಿ ಇರ್ತದ ಮನಿಯೊಳಗ. ಅಲ್ಲೂ ಐದು ಪಾಯಿಂಟ್ ಕಡಿಮಿ ತೋರಸ್ತದ. ಒಂದು ಲೋಟ ತೆಗದು ಫ್ರಿಜ್‌ನಾಗ ಇಟ್ಟು 20ಕ್ಕ ತಂದು ಅಳಿ.

ಕೌಲ್‌ಬಜಾರ್_ಕಿಟ್ಟಿ
ಹೋಗ್ಲಿ ಬಿಡ್ರಿ, ಗಿರಣಿ ಕಾಕಾನ ಮೇಲೆ ಇಷ್ಟೊತ್ತು ಕೇಸ್ ನಡೀತಿತ್ತು, ಖುಲಾಸೆ ಆದ.

ಮಾಲ್ಟ್_ಮಲ್ಲೇಶ್ವರ
ಪೂರ್ತಿ ಖುಲಾಸೆ ಇಲ್ಲ. ಎರಡೂವರೆ ಕೇಜಿ ಒಳ್ಳೆ ಮಾಲ್ಟ್‌ನಲ್ಲಿ ಕೇಜಿಗೆ ಹೆಚ್ಚಂದ್ರೆ 300 ಪಾಯಿಂಟ್ ಹಿಡಿದ್ರೆ ಒಟ್ಟು 750. ಹತ್ತು ಲೀಟರ್ 1.046 ಅಂದ್ರೆ 46ರ ಹತ್ತು ಪಟ್ಟು, 460. ಅಂದ್ರೆ 61 ಪರ್ಸೆಂಟ್. ಧೋತರದಲ್ಲಿ ಮಾಡಿದ ಮೊದಲ ಸಲಕ್ಕೆ ಪರವಾಗಿಲ್ಲ, ಆದ್ರೆ ಕಾಳು ಸರಿಯಾಗಿ ಒಡೆದಿದ್ರೆ 70 ಬರ್ತಿತ್ತು. (ಬಿಸಿ ಎಷ್ಟಿತ್ತು ಅಂತ ಮೊದಲು ನಾನೇ ಕೇಳ್ಬೇಕಿತ್ತು. ಒಪ್ತೀನಿ.)

ಬಳ್ಳಾರಿ_ಬಿಸಿಲು
ಸರ್, ನಿಮ್ಮ ಕಾಲಿಗೆ ಬೀಳ್ಬೇಕು. ಎರಡು ದಿನದಿಂದ ನಿದ್ದಿ ಇಲ್ಲ ನನಗೆ. ಅಳೆದ ಲೋಟ ಚೆಲ್ಲಿಬಿಟ್ಟೀನಿ, ಇನ್ನೊಂದು ಸಲ ಮಾಡೇ ನೋಡ್ಬೇಕು. ಈ ಸಲ ಜೋಳ ಹಾಕ್ತೀನಿ. ಮೊಳಕೆ ಕಟ್ಟಿ ಒಣಗಿಸಿದ್ರೆ ಅದೇ ಮಾಲ್ಟ್ ಅಲ್ವಾ? ರಾಗಿ ಮಾಲ್ಟ್ ಮಾಡಿದಂಗೆ?

ಕೊಪ್ಪಳ_ಕಾಕಾ
ನಿಲ್ಲು ನಿಲ್ಲು. ಕುಡಿಯೋದರ ಬಗ್ಗೆ ನನಗ ಗೊತ್ತಿಲ್ಲ, ಜೋಳದ ಬಗ್ಗೆ ಗೊತ್ತು. ಎಳೇ ಜೋಳದ ಪೈರು, ಕೊಯ್ದ ಮ್ಯಾಲೆ ಬರೋ ಕೂಳಿ ಚಿಗುರು ತಿಂದ್ರ ದನ ಹೊಟ್ಟಿ ಉಬ್ಬಿ ನಿಂತಲ್ಲೇ ಬೀಳ್ತಾವು. ನಮ್ಮ ಹೊಲದಾಗ ಎರಡು ಎತ್ತು ಹಂಗ ಹೋದುವು. ಮಳಿ ತಪ್ಪಿ ಪೈರು ಬಾಡಿದಾಗಂತೂ ಇನ್ನೂ ಕೆಟ್ಟ. ಅದ ಮೊಳಕಿ ನೀವು ಕುಡಿತೀರಾ?

ಸಿಂಧನೂರು_ಅಕ್ಕ
ಕಾಕಾ ಹೇಳಿದ್ದು ನೂರಕ್ಕ ನೂರು ಸರಿ, ಈ ಪೋಸ್ಟ್‌ದಾಗ ಬಂದ ಬಹಳ ಮುಖ್ಯ ಮಾತು ಇದೇ. ಜೋಳದ ಚಿಗುರಿನ್ಯಾಗ ಧುರಿನ್ ಅಂತ ಒಂದು ಅಂಶ ಇರ್ತದ, ಜಗದಾಗ, ಅರದಾಗ ಅದರಿಂದ ಸಯನೈಡ್ ಹುಟ್ತದ. ಮೊಳಕಿ ಒಡದ ಜೋಳದಾಗ ಅದು ಹೆಚ್ಚಾಗಿ ಕೂಡಿಕೊಳ್ಳೋದು ಮೊಳಕಿ ಮತ್ತ ಬೇರಿನ್ಯಾಗ. ಅದಕ್ಕೇ ಜೋಳದ ಮಾಲ್ಟ್ ಮಾಡೋರು ಖಡಕ್ ಒಣಗಿಸಿ, ಕೈಲೆ ತಿಕ್ಕಿ, ಕೇರಿ, ಮೊಳಕಿ ಬೇರು ಪೂರ್ತಿ ತೆಗೀತಾರ. ಆಮ್ಯಾಲೆ ಬಾಯಿ ತೆರೆದು ಕುದಿಸ್ತಾರ. ರಾಗಿಯಂಗ ಮೊಳಕಿ ಸಮೇತ ಬೀಸೋದು ಜೋಳಕ್ಕ ನಡಿಯಂಗಿಲ್ಲ. ಹಸಿ ಜೋಳದ ಮೊಳಕಿ ಕೋಸಂಬರಿ ಗೀಸಂಬರಿ ಅಂತೂ ಬ್ಯಾಡೇ ಬ್ಯಾಡ.

ಮೊದಲ ಸಲಕ್ಕ ನೀನು ಮೊಳಕಿ ತಂಟೆಗೇ ಹೋಗಬ್ಯಾಡ. ಒಣ ಜೋಳದ ನುಚ್ಚು ಹಾಕು, ಸಕ್ಕರಿ ಮಾಡೋ ಕೆಲಸ ಬಾರ್ಲಿ ಮಾಲ್ಟಿಗೆ ಬಿಡು. ಜೋಳದ ಮಾಲ್ಟ್‌ನ್ಯಾಗ ಬೀಟಾ ಅಮೈಲೇಸ್ ಕಿಣ್ವ ಕಡಿಮಿ, ಬಾರ್ಲಿಯೊಳಗ ಧಾರಾಳ ಅದ. ಬರೇ ಜೋಳದ್ದೇ ಬಿಯರ್ ಮಾಡೋರೂ ಅದಾರ ಅನ್ರಿ. ನೈಜೀರಿಯಾ 1988ರಾಗ ಬಾರ್ಲಿ ಮಾಲ್ಟ್ ಹೊರಗಿಂದ ತರೋದು ನಿಲ್ಲಿಸಿತ್ತು, ಅಲ್ಲಿ ದೊಡ್ಡ ದೊಡ್ಡ ಕಾರ್ಖಾನಿ ಎಲ್ಲಾ ಜೋಳಕ್ಕ ತಿರುಗಿದ್ವು. ದಕ್ಷಿಣ ಆಫ್ರಿಕಾದ ಉಮ್ಕೊಂಬೊತಿ ಅನ್ನೋ ಬಿಯರೂ ಜೋಳ, ಮೆಕ್ಕಿಜೋಳದ್ದೇ, ನಮ್ಮ ಅಂಬಲಿಗೆ ಅಣ್ಣ ಇದ್ದಂಗ.

ಮಸ್ಕಿ_ಮಂಜ
ನೈಜೀರಿಯಾದಾಗ ಜೋಳದ ರೊಟ್ಟಿ ಮಾಡ್ತಾರೇನು ಅಕ್ಕ?

ಸಿಂಧನೂರು_ಅಕ್ಕ
ಗಂಜಿ, ಮುದ್ದಿ ಮಾಡ್ತಾರ. ಬಡಿಯೋ ರೊಟ್ಟಿ ನಾ ಕಂಡಿಲ್ಲ.

ಬಳ್ಳಾರಿ_ಬಿಸಿಲು
ನುಚ್ಚು ನೇರ ಮಾಲ್ಟ್ ಜೊತೆಗೇ ಧೋತರದಾಗೆ ಹಾಕ್ಲಾ?

ಮಾಲ್ಟ್_ಮಲ್ಲೇಶ್ವರ
ಬೇಡ. ಬಾರ್ಲಿ ಪಿಷ್ಟ 60-65ರ ಆಸುಪಾಸಲ್ಲೇ ನೀರು ಕುಡಿದು ಬಿಚ್ಚಿಕೊಳ್ಳುತ್ತೆ. ಜೋಳದ್ದು 70 ದಾಟದೆ ಸರಿಯಾಗಿ ಬಿಚ್ಚಲ್ಲ. ನೀವು ಮ್ಯಾಶ್ ಮಾಡೋ 66ರಲ್ಲಿ ಜೋಳ ಕಲ್ಲಿನ ಹಾಗೆ ಕೂತಿರುತ್ತೆ. ಹಾಗಂತ ಬಾರ್ಲೀನೂ ಸೇರಿಸಿ 80ಕ್ಕೆ ಏರಿಸಿದ್ರೆ ಕಿಣ್ವ ಸತ್ತು ಹೋಗುತ್ತೆ. ಹಾಗಾಗಿ ಜೋಳ ಬೇರೆ ಪಾತ್ರೆಯಲ್ಲಿ ಮೊದಲು ಬೇಯ್ಸಿ.

ಗಂಗಾವತಿ_ಗಿರಣಿ
ಸಂಗಟಿ ಮಾಡು ಅಂದ್ರಾತು, ಇಷ್ಟ್ಯಾಕ ಸುತ್ತಿ ಬಳಸಿ ಹೇಳ್ತೀರಿ!

ಮಾಲ್ಟ್_ಮಲ್ಲೇಶ್ವರ
ಹೌದು ಸರ್, ಸಂಗಟಿನೇ. ಸ್ವಲ್ಪ ತೆಳ್ಳಗೆ.

ಸಿಂಧನೂರು_ಅಕ್ಕ
ಸಂಗಟಿ 70ರ ಹತ್ರ ಆರಿದ ಮ್ಯಾಲೆ ಮಾಲ್ಟಿನ ನೀರಿಗೆ ಕೂಡಿಸು. ಹದಿನೈದು ನಿಮಿಷದಾಗ ಚಮಚ ನಿಲ್ಲೋ ಸಂಗಟಿ ನೀರಾಗಿ ಹೋಗ್ತದ, ನೋಡ್ಲಾಕೇ ಚೆಂದ. ಕೂಸಿಗೆ ರಾಗಿ ಮಾಲ್ಟ್ ಕಾಸಿದಾಗ ಬರೇ ರಾಗಿ ಹಿಟ್ಟಿನ ಗಂಜಿಗಿಂತ ತೆಳ್ಳಗಿರ್ತದಲ್ಲ, ಅದೇ ಕಿಣ್ವ, ಅದೇ ಕೆಲಸ.

ಗಂಗಾವತಿ_ಗಿರಣಿ
ಇನ್ನೊಂದು ಹೇಳ್ಲಾ? ಜೋಳಕ್ಕ ಸಿಪ್ಪಿ ಇಲ್ಲ ಅಂದ್ರಲ್ಲ, ಹಂಗಾರ ಸೋಸುವಾಗ ಗಚ್ಚಿನಂಗ ಹಿಡಕೊಂತೈತಿ, ಅದಕ್ಕ ಭತ್ತದ ಹೊಟ್ಟು ಹಾಕ್ತಾರಂತ ನನ್ನ ಮಗ ಹೇಳಿದ, ಯಾವುದೋ ವಿಡಿಯೋದಾಗ ನೋಡ್ಯಾನ. ಖರೇನಾ? ನಮ್ಮ ಮಿಲ್ಲಿನ ಹಿಂದ ಗುಡ್ಡ ಬಿದ್ದೈತಿ, ಬಾಯ್ಲರ್‌ಗೆ ಹಾಕಿ ಸುಡ್ತೀವಿ.

ಸಿಂಧನೂರು_ಅಕ್ಕ
ಖರೆ ಅದ ಅಣ್ಣ! ಇಲ್ಲಿ ಅಂಗಡ್ಯಾಗ ಅದನ್ನೇ ಪಾಕೀಟು ಕಟ್ಟಿ ಡಾಲರ್ ಲೆಕ್ಕದಾಗ ಮಾರ್ತಾರ, ನಾನು ತಗೋತೀನಿ, ತಗೊಂಡಾಗೆಲ್ಲ ಗಂಗಾವತಿ ನೆನಸ್ತೀನಿ. ಒಟ್ಟು ಕಾಳಿನ ಐದು ಪರ್ಸೆಂಟ್ ಸಾಕು. ಅದು ಸಿಹಿನೂ ಕೊಡಂಗಿಲ್ಲ, ರುಚಿನೂ ಕೊಡಂಗಿಲ್ಲ, ನಡಬರಕ ಸಂದಿ ಮಾಡಿ ನೀರು ಇಳಿಲಾಕ ದಾರಿ ಕೊಡ್ತದ ಅಷ್ಟೆ. ಮಿಲ್ಲಿಂದು ಆದ್ರ ಧೂಳು ಹೋಗೋತನ ಮೂರು ನಾಲ್ಕು ನೀರು ತೊಳದು, ಒಮ್ಮೆ ಕುದಿಸಿ ಬಸದು ಹಾಕ್ಬೇಕು.

ಗಂಗಾವತಿ_ಗಿರಣಿ
ಡಾಲರಿಗೆ ಹೊಟ್ಟು! ನಾಳಿಂದ ಸುಡೋದು ಬಂದ್.

ಮಸ್ಕಿ_ಮಂಜ
ಅಣ್ಣ ಒಂದು ಲಾರಿ ನನ್ನ ಹೆಸರಿಗೆ ಬರಕೊಳ್ರಿ.

ಕೌಲ್‌ಬಜಾರ್_ಕಿಟ್ಟಿ
1516ರಲ್ಲಿ ಬವೇರಿಯಾದೋರು ಬಿಯರ್‌ಗೆ ನೀರು, ಬಾರ್ಲಿ, ಹಾಪ್ಸ್ (ಕಹಿ ಕೊಡೋ ಹೂವು) ಬಿಟ್ಟು ಬೇರೇನೂ ಹಾಕ್ಬಾರ್ದು ಅಂತ ಕಾನೂನು ಮಾಡಿದ್ರಂತೆ. ಜೋಳದ ಸಂಗಟಿ, ಭತ್ತದ ಹೊಟ್ಟು, ಅಜ್ಜನ ಧೋತರ. ಈ ತಮ್ಮನ್ನ ಅಲ್ಲಿಗೆ ಕಳಿಸಿದ್ರೆ ಗಲ್ಲೇ.

ತುಂಗಭದ್ರಾ_ದಂಡೆ
ಯೀಸ್ಟ್ ಎಲ್ಲಿತ್ತು ಆ ಪಟ್ಟಿಯಲ್ಲಿ?

ಕೌಲ್‌ಬಜಾರ್_ಕಿಟ್ಟಿ
ಇರಲಿಲ್ಲ. ಈ ತಮ್ಮನಂಗೆ ಅವರೂ "ನಾವು ಹಾಕಿಲ್ಲ" ಅಂದಿರಬೇಕು.

ಬಳ್ಳಾರಿ_ಬಿಸಿಲು
😂 ಅಣ್ಣ ಬಿಡ್ರಿ ಸಾಕು.

ಅಕ್ಕ, ಜೂನ್‌ನಾಗೆ ಟೆಕ್ಸಾಸ್ ಸೆಕೆ ಬಳ್ಳಾರಿಗೆ ಕಡಿಮೆ ಇಲ್ಲಂತೆ. ಬಾವ ಹುಳಿಬರಿಸೋದು ಗ್ಯಾರೇಜ್‌ನಾಗೆ, ಎಸಿ ಇಲ್ಲ. ಹೋದ ವರ್ಷ ಮಾಡಿದ್ದು ಕುಡಿದು ಮರುದಿನ ತಲೆ ಸಿಡೀತು ಅಂತಿದ್ರು.

ಸಿಂಧನೂರು_ಅಕ್ಕ
ತಲಿ ಸಿಡಿಯದ ಏನಾಗ್ತದ. ಏಲ್ ಅನ್ನೋ ಥರದ ಬಿಯರಿನ ಸಾದಾ ಯೀಸ್ಟಿಗೆ ಬೇಕಾಗಿದ್ದು 18ರಿಂದ 22 ಡಿಗ್ರಿ. 30 ದಾಟಿದ್ರ ಅದು ಅವಸರ ಮಾಡ್ತದ, ಬ್ಯಾರೆ ಥರದ ಭಾರಿ ಆಲ್ಕೋಹಾಲ್ ಕೂಡಿಸ್ತದ, ಉಗುರುಬಣ್ಣದ ವಾಸನಿ ಬರ್ತದ. ಮೊದಲ ವರ್ಷ ನಾನೂ ಎರಡು ಬ್ಯಾಚ್ ಹಂಗೇ ಮೋರಿಗೆ ಸುರದೀನಿ.

ಎರಡು ದಾರಿ ಅದಾವ. ಒಂದು ನಮ್ಮೂರ ದಾರಿ: ಡಬ್ಬಿ ನೀರಿನ ತೊಟ್ಟಿಯೊಳಗ ಇಟ್ಟು, ಒದ್ದಿ ಗೋಣಿಚೀಲ ಸುತ್ತಿ, ಮುಂದ ಫ್ಯಾನ್ ಹಚ್ಚು. ಹರವಿ ನೀರು ತಣ್ಣಗಾಗೋದೂ ಹಿಂಗೇ. ಆದ್ರ ಅದು ಒಣ ಸೆಕಿಯಾಗ ನಡೀತದ. ಬಾವ ಇರೋದು ಸಮುದ್ರದ ಕಡೆ ಆದ್ರ ಗಾಳಿನೇ ಒದ್ದಿ, ಗೋಣಿಚೀಲ ಕೆಲಸ ಮಾಡಂಗಿಲ್ಲ.

ಇನ್ನೊಂದು ಕ್ವೈಕ್ ಯೀಸ್ಟ್. ನಾರ್ವೆ ಹಳ್ಳಿ ಮಂದಿ ತಲಿತಲಾಂತರದಿಂದ ಇಟ್ಕೊಂಡು ಬಂದದ್ದು. ಚಳಿ ದೇಶದ್ದು, ಆದ್ರ ಬೇಕಾಗೋದು 30ರಿಂದ 40 ಡಿಗ್ರಿ ಸೆಕಿ! ಅವರು ಬಿಸಿ ಬಿಸಿ ಇದ್ದಾಗೇ ಹಾಕ್ತಾರಂತ. ಕೆಲಸ ಎರಡು ಮೂರು ದಿನದಾಗ ಮುಗಿಸ್ತದ, ಕಿತ್ತಳಿ ವಾಸನಿ ಬರ್ತದ. ಗ್ಯಾರೇಜ್‌ದಾಗ ಅದನ್ನೇ ಹಾಕ್ರಿ.

ರಾಯಚೂರು_ಫಿಸಿಕ್ಸ್
40 ಡಿಗ್ರಿಯಾಗ ಖುಷಿಲೆ ಕೆಲಸ ಮಾಡೋ ಜೀವ ನಾರ್ವೆಯಾಗ ಹುಟ್ಟಿತು, ನಮ್ಮ ಕಾಲೇಜಿಗೆ ಒಂದೂ ಬರಲಿಲ್ಲ.

ಮಸ್ಕಿ_ಮಂಜ
ಸರ್ ನಾನು ನಿಮ್ಮ ಕಾಲೇಜೇ 😐

ಮಾಲ್ಟ್_ಮಲ್ಲೇಶ್ವರ
ಸೆಕೆ ಬಗ್ಗೆ ಇನ್ನೊಂದು. ಕೈಪಿಡಿಗಳಲ್ಲಿ ನೀರು ಎಷ್ಟಕ್ಕೆ ಕಾಸ್ಬೇಕು ಅನ್ನೋ ಲೆಕ್ಕ, ಕಾಳು 20 ಡಿಗ್ರಿ ಇದೆ ಅಂದ್ಕೊಂಡು ಬರೆದಿರ್ತಾರೆ. ನಿಮ್ಮಲ್ಲಿ ಮಾಲ್ಟ್ ಚೀಲನೇ 36 ಇರುತ್ತೆ. ಕೇಜಿಗೆ ಮೂರು ಲೀಟರ್ ಲೆಕ್ಕದಲ್ಲಿ ಮಾಡಿದ್ರೆ 72ರ ಬದಲು 70ಕ್ಕೇ ನಿಲ್ಲಿಸ್ಬೇಕು. ಎರಡೇ ಡಿಗ್ರಿ ಅಂತ ಬಿಡ್ಬೇಡಿ. ಮ್ಯಾಶ್ 68 ದಾಟಿದಷ್ಟೂ ಯೀಸ್ಟ್ ತಿನ್ನಲಾಗದ ಸಕ್ಕರೆ ಹೆಚ್ಚು ಉಳಿಯುತ್ತೆ, ಬಿಯರ್ ದಪ್ಪ ಆಗುತ್ತೆ. 64-65ರಲ್ಲಿ ಇಟ್ರೆ ತೆಳ್ಳಗೆ, ಒಣಗಿದ ಹಾಗೆ ಬರುತ್ತೆ.

ತುಂಗಭದ್ರಾ_ದಂಡೆ
ಕುದಿಸಿದ ಮೇಲೆ ಬೇಗ ತಣಿಸ್ಬೇಕು ಅಂತಾರಲ್ಲ, ಇಲ್ಲಿ ಮೇಲಿನ ಟ್ಯಾಂಕ್ ನೀರು ಮಧ್ಯಾಹ್ನ ಬಿಟ್ರೆ ಕೈ ಸುಡ್ತದೆ. ಆ ನೀರಾಗೆ ತಣಿಸೋದು ಹೆಂಗೆ?

ಬಳ್ಳಾರಿ_ಬಿಸಿಲು
ನಾನು ಬೋಗಾಣಿ ದೊಡ್ಡ ಟಬ್‌ನಾಗೆ ಇಟ್ಟು ಐಸ್ ಗಡ್ಡೆ ತಂದು ಸುರಿದೆ. ಐಸ್ ಅಂಗಡಿಯವನು "ಯಾರ್ದು ಫಂಕ್ಷನ್?" ಅಂದ.

ಕೊಪ್ಪಳ_ಕಾಕಾ
ಅಲ್ಲ, ಗ್ಯಾಸ್ ಎಷ್ಟು ಖರ್ಚಾತು? ಕಾಸಾಕ ಒಂದು ತಾಸು, ಕುದಿಸಾಕ ಒಂದು ತಾಸು. ಮನ್ಯಾಗ ತಾಯಿ ಏನೂ ಅನ್ನಲಿಲ್ಲೇನಪ?

ಬಳ್ಳಾರಿ_ಬಿಸಿಲು
ಅಂದ್ರು ಕಾಕಾ. ಅದನ್ನ ಇಲ್ಲಿ ಬರೆಯೋ ಹಂಗಿಲ್ಲ.

ಮಸ್ಕಿ_ಮಂಜ
ಹಿಂಡಿ ಉಳದ ಕಾಳು ಏನು ಮಾಡಿದಿ?

ಬಳ್ಳಾರಿ_ಬಿಸಿಲು
ಪಕ್ಕದ ಮನೆ ಎಮ್ಮೆಗೆ ಹಾಕಿದೆ. ಮೂತಿ ಎತ್ತದಂಗೆ ತಿಂತು. ಮರುದಿನ ಅವರ ಮನೆಯ ಅಮ್ಮ "ಇನ್ನೊಂದಿಷ್ಟು ಐತೇನಪ್ಪ" ಅಂತ ಬಕೀಟು ಹಿಡಕೊಂಡೇ ಬಂದ್ರು.

ಗಂಗಾವತಿ_ಗಿರಣಿ
ಆವತ್ತ ಹಾಕಿದ್ದು ಒಳ್ಳೇದಾತು. ಈ ಬಿಸಿಲಾಗ ಒಂದು ರಾತ್ರಿ ಬಿಟ್ಟಿದ್ರ ಹುಳಿ ನಾತ ಓಣಿ ತುಂಬ. ಅಂದಂಗ ಮಿರ್ಚಿ ಮಂಡಕ್ಕಿ ಇಲ್ಲದ ಬಿಯರ್ ಕುಡಿಯೋರ್ನ ನಾ ಇನ್ನೂ ನೋಡಿಲ್ಲ. ಟೆಕ್ಸಾಸ್‌ದಾಗ ಬಳ್ಳಾರಿ ಒಗ್ಗರಣಿ ಮಂಡಕ್ಕಿ ಸಿಗತೈತೇನ್ರಿ ಅಕ್ಕಾರ?

ಸಿಂಧನೂರು_ಅಕ್ಕ
ಮಂಡಕ್ಕಿ ಸಿಗ್ತದ, ಆ ಮಿರ್ಚಿ ಸಿಗಂಗಿಲ್ಲ. ಹಲಪೆನೊ ಹಾಕಿ ಸಮಾಧಾನ ಮಾಡ್ಕೋತೀವಿ.

ನಿರ್ವಾಹಕ
ಮಂಡಕ್ಕಿ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ 400 ಉತ್ತರ ಆಗಿವೆ. ಇಲ್ಲಿ ಮ್ಯಾಶ್ ಅಷ್ಟೇ. ಮತ್ತೊಮ್ಮೆ: ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಯೀಸ್ಟ್ ಹಾಕಿದ ಫೋಟೋ ಇಲ್ಲಿ ಹಾಕಿದ್ರೆ ತೆಗೀತೀವಿ.

ಸಿಂಧನೂರು_ಅಕ್ಕ
ಒಂದು ಕೊನಿ ಸುದ್ದಿ, ಬಾವನಿಗೆ ಹೇಳು. ಬಾಟಲಿ ತುಂಬುವಾಗ ನೊರಿ ಬರ್ಲಾಕ ಲೀಟರ್‌ಗೆ ಆರೇಳು ಗ್ರಾಂ ಸಕ್ಕರಿ, ತೂಕ ಮಾಡೇ ಹಾಕ್ಬೇಕು, ಚಮಚದ ಅಂದಾಜು ಬ್ಯಾಡ. ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸೋತನ ತುಂಬಲೇಬಾರದು. ನಾನು ಒಮ್ಮೆ ಅವಸರ ಮಾಡಿ, ರಾತ್ರಿ ಎರಡಕ್ಕ ಕಪಾಟಿನೊಳಗ ಢಮ್ ಅಂತು. ಮನೆಯವರು ಪೊಲೀಸ್‌ಗೆ ಫೋನ್ ಮಾಡ್ಲಾಕ ಹೋಗಿದ್ರು. ಬೆಳಕಾದ ಮ್ಯಾಲೆ ನೋಡಿದ್ರ ಗಾಜಿನ ಚೂರು ಎದುರಿನ ಬಾಗಿಲಿಗೆ ನಟ್ಟಿತ್ತು. ಆವತ್ತಿಂದ ಬಾಟಲಿ ಮ್ಯಾಲೆ ದಪ್ಪ ಕಂಬಳಿ.

ಬಳ್ಳಾರಿ_ಬಿಸಿಲು (ಎಂಟು ದಿನ ಬಿಟ್ಟು)
ಎರಡನೇ ಸಲ ಮಾಡಿದೆ. ವರದಿ ಕೊಡ್ತೀನಿ.

ಎರಡು ಕೇಜಿ ಬಾರ್ಲಿ ಮಾಲ್ಟ್, 700 ಗ್ರಾಂ ಬಿಳಿಜೋಳದ ನುಚ್ಚು. ಗಿರಣಿಗೆ ಹೋಗಿ ಈ ಸಲ ನಾನೇ ಪಕ್ಕದಾಗೆ ನಿಂತು, ಒಂದೊಂದು ಹಿಡಿ ಹಾಕಿಸಿ ನೋಡಿ, ಕಲ್ಲಿನ ಸಂದಿ ಎರಡು ಸಲ ಸರಿ ಮಾಡಿಸಿದೆ. ಇಡೀ ಕಾಳು ಒಂದೂ ಉಳೀಲಿಲ್ಲ. ಗಂಗಾವತಿ ಅಣ್ಣ ಬಸ್ಸಿನಾಗೆ ಹೊಟ್ಟು ಕಳಿಸಿದ್ರು. ಕೇಳಿದ್ದು ಎರಡು ಹಿಡಿ, ಬಂದಿದ್ದು ಒಂದು ಚೀಲ. ನಾಲ್ಕು ನೀರು ತೊಳೆದು ಹಾಕಿದೆ. ನೀರು ಅರ್ಧ ಫಿಲ್ಟರ್, ಅರ್ಧ ನಲ್ಲಿ.

ಸಂಗಟಿ ಅಜ್ಜಿನೇ ಕಾಸಿದ್ಲು, ನನಗೆ ಗಂಟಾಗ್ತದೆ ಅಂತ ಚಟ್ಟುಗ ಕಸಕೊಂಡು. ಅದನ್ನ ಮಾಲ್ಟಿಗೆ ಸುರಿದಾಗ ಮೊದಲು ಸಿಮೆಂಟ್ ಕಲಸಿದಂಗಿತ್ತು, ಕೈ ಆಡಾಂಗಿಲ್ಲ. ಹತ್ತು ನಿಮಿಷ ಆಗಿರಲಿಕ್ಕಿಲ್ಲ, ತೆಳ್ಳಗಾಗೇ ಹೋತು. ಅಜ್ಜಿ ಹತ್ರ ಬಂದು ಬಗ್ಗಿ ನೋಡಿ "ನೀರು ಹಾಕಿದೇನು?" ಅಂದ್ಲು. ಇಲ್ಲ ಅಂದ್ರೆ ನಂಬಲೇ ಇಲ್ಲ. ಅಯೋಡಿನ್ ಹಾಕಿದೆ, ತಿಳಿನೀರು ಮಾತ್ರ. ಕಂದು ಹಂಗೇ ಉಳೀತು. ಧೋತರ ಎತ್ತಿದ್ರೆ ನೀರು ತಾನೇ ಇಳೀತು, ಹಿಂಡೋ ಕೆಲಸ ಅರ್ಧ ಆತು.

ಲೋಟ ಫ್ರಿಜ್‌ನಾಗೆ ಇಟ್ಟು 20 ಡಿಗ್ರಿಗೆ ತಂದು ಅಳೆದೆ: 1.052. ಹತ್ತು ಲೀಟರ್.

ರಾಯಚೂರು_ಫಿಸಿಕ್ಸ್
ಭಲೆ.

ಮಾಲ್ಟ್_ಮಲ್ಲೇಶ್ವರ
ಜೋಳಕ್ಕೆ ಕೇಜಿಗೆ 300 ಹಿಡಿದ್ರೂ 64 ಪರ್ಸೆಂಟ್ ಬಂತು. ಕಲ್ಲಿನ ಗಿರಣಿಯಲ್ಲಿ! ನಾನು ಇನ್ನು ಬಾಯಿ ಮುಚ್ಚಿಕೋತೀನಿ. ಟೆಕ್ಸಾಸ್‌ನಲ್ಲಿ ಇದೇ ಬಂದು, ಹುಳಿಬಂದ ಮೇಲೆ 1.012ಕ್ಕೆ ಇಳಿದ್ರೆ ನಡುವಿನ ವ್ಯತ್ಯಾಸ 0.040, ಅದನ್ನ 131ರಿಂದ ಗುಣಿಸಿ, ಐದೂ ಕಾಲು ಪರ್ಸೆಂಟ್ ಹತ್ರ ಆಲ್ಕೋಹಾಲ್. ಬಾವನಿಗೆ ಮೊದಲೇ ಹೇಳಿಡಿ.

ಲಿಂಗಸುಗೂರು_ವಕೀಲ
ಆ ಹತ್ತು ಲೀಟರ್ ಈಗ ಎಲ್ಲದ? ಈ ಸೆಕಿಯಾಗ ಹೊರಗ ಇಟ್ರ ಗಾಳಿಯೊಳಗಿನ ಯೀಸ್ಟ್ ತಾನೇ ಬೀಳ್ತದ, ಆಮ್ಯಾಲೆ ನನಗ ಫೋನ್ ಮಾಡಬ್ಯಾಡ.

ಬಳ್ಳಾರಿ_ಬಿಸಿಲು
ಆವತ್ತೇ ಖಾಲಿ ವಕೀಲ್ರೇ. ಐದು ಲೀಟರ್ ಓಣಿ ಹುಡುಗ್ರು ಐಸ್ ಹಾಕ್ಕೊಂಡು ಕುಡಿದ್ರು. ಎರಡು ಲೀಟರ್ ಕಾಸಿ ಕಾಸಿ ಅಮ್ಮ ಪಾಕ ಮಾಡಿಟ್ಟಾಳೆ, ದೋಸೆಗೆ ಚೆಂದ ಆಗ್ತದಂತೆ. ಉಳಿದಿದ್ದು ಎಮ್ಮೆಗೆ. ಅಜ್ಜಿ ಒಂದು ಲೋಟ ಕುಡಿದು "ಅಂಬ್ಲಿ ಅಂದ್ರೆ ಉಪ್ಪು, ಮಜ್ಜಿಗೆ ಬ್ಯಾಡೇನು? ಅದಕ್ಕಿಷ್ಟು ಸಕ್ಕರೆ ಯಾಕೆ ಸುರಿದಿ?" ಅಂದ್ಲು.

ಕೊಪ್ಪಳ_ಕಾಕಾ
ಅಜ್ಜಿಗೆ ನನ್ನ ನಮಸ್ಕಾರ ಹೇಳಪ.

ಕೌಲ್‌ಬಜಾರ್_ಕಿಟ್ಟಿ
ಗಿರಣಿ ಕಾಕಾ ಏನಂದ?

ಬಳ್ಳಾರಿ_ಬಿಸಿಲು
ಇನ್ನೊಮ್ಮೆ ಈ ಕಾಳು ತಂದ್ರೆ ಡಬಲ್ ರೇಟ್ ಅಂದ. ನನ್ನ ಹಿಂದೆ ಗೋಧಿ ಬೀಸಿಸಿಕೊಂಡೋರ ಮನೆ ಚಪಾತಿ ಎಲ್ಲಾ ಸಿಹಿ ಆಗಿದ್ವಂತೆ.